ಎಣಿಕೆಗೆ ಬಾರದ ಮೊಟ್ಟೆ

ದೊರ್ಮಾದಿಂದ ಕುಮಾಸಿಗೆ ಮೊಟ್ಟೆ ಹೊರುವ ಲಾರಿಯಲ್ಲಿ
ನಾನು ಎರಡನೆಯವನು. ಸ್ಟೇರಿಂಗು ಬೆಡಿಯಾಕೋನದು,
ಹಗ್ಗ ನನ್ನದು, ಟ್ರೇ ನನ್ನದು,
ಒಡೆದದ್ದಕ್ಕೆಲ್ಲ ಬೈಗುಳ ನನ್ನದು.

ಮಂಗಳವಾರ ಅಫ್ರಕೋಮಳ ಶೆಡ್ಡು.
ಎರಡು ಸಾವಿರ ಕೋಳಿಗಳ ಗಾಳಿಗೆ
ಮೂಗಿಗಿಂತ ಮೊದಲು ಕಣ್ಣು ಉರಿಯುತ್ತದೆ.
ಈ ಸಲ ನೀರಿನ ಡ್ರಮ್ಮಿನ ತಳದಲ್ಲಿ ಹಳದಿ ಕರೆ.
ನಾನು ಕೇಳಲಿಲ್ಲ, ಅವಳೇ ಹೇಳಿದಳು:
"ಕೆಮ್ಮು ಬಂದಿತ್ತು. ಪುಡಿ ಕಲಸಿದೆ.
ಶನಿವಾರ ನಿಲ್ಲಿಸಿದೆ. ಈಗ ಪರವಾಗಿಲ್ಲ."

ಖಾಲಿ ಪೊಟ್ಟಣ ಕಂಬದ ಸಂದಿಯಲ್ಲಿತ್ತು.
ಬೆನ್ನಲ್ಲಿ ಇರುವೆಸಾಲಿನಂಥ ಅಕ್ಷರ:
ಔಷಧ ನಿಂತ ಮೇಲೆ ಏಳು ದಿನ
ಮೊಟ್ಟೆ ಮಾರತಕ್ಕದ್ದಲ್ಲ.
ಹಗ್ಗ ಎಳೆಯುವವನಿಗೆ ಓದು ಬರುತ್ತದೆಂದು
ಅವಳು ಎಣಿಸಿರಲಿಕ್ಕಿಲ್ಲ.

ಬೆರಳು ಮಡಿಸಿದೆ. ಭಾನು, ಸೋಮ, ಇವತ್ತು.
ಮೂರು.

ಕೋಳಿಗೆ ಯಾರು ಹೇಳಬೇಕು
ಒಂದು ವಾರ ತಡೆದುಕೋ ಅಂತ?
ಮುನ್ನೂರ ಅರವತ್ತು ಟ್ರೇ ಬಾಗಿಲಲ್ಲಿ,
ಜೋಳದವನು ಗೇಟಿನಲ್ಲಿ.
ಏರಿಸಿದೆ. ಒಂದೂ ಒಡೆಯಲಿಲ್ಲ.

ಹಸಿವಾಗಿತ್ತು. ಬಿರುಕು ಬಿಟ್ಟದ್ದೊಂದನ್ನು
ಬೇಯಿಸಿಕೊಡು ಅಂತ ಕೈಯಲ್ಲಿ ಹಿಡಿದೆ.
"ಅದು ಬೇಡ," ಅಂದಳು ತಟ್ಟನೆ.
ಹಿತ್ತಿಲಿಗೆ ಹೋದಳು.
ಅಲ್ಲಿ ಕೋಕೋ ಸಿಪ್ಪೆ ಕೆದರಿಕೊಂಡು
ಬೋಳು ಕತ್ತಿನ ಒಂದೇ ಒಂದು ಕೋಳಿ,
ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲದ್ದು.
ಒಡಕು ಬೋಗುಣಿಯಿಂದ ಎರಡು ಮೊಟ್ಟೆ ತಂದಳು,
ಸಣ್ಣವು, ಮಣ್ಣಾದವು, ಇನ್ನೂ ಬೆಚ್ಚಗಿದ್ದವು.
ಒಂದು ಅವಳ ಮಗಳ ತಟ್ಟೆಗೆ,
ಒಂದು ನನಗೆ.

ಯಾಕೆಂದು ಅವಳು ಹೇಳಲಿಲ್ಲ.
ನಾನು ಉಪ್ಪು ಉದುರಿಸಿಕೊಂಡು ತಿಂದೆ.
ಉಪ್ಪು ತಿಂದವನು ನೀರು ಕುಡಿಯಲೇಬೇಕು,
ಯಾವ ಡ್ರಮ್ಮಿನದಾದರೂ.

ದಾರಿಯಲ್ಲಿ ಬೆಡಿಯಾಕೋನನ್ನು ಕೇಳಿದೆ,
ಕುದಿಸಿದರೆ ಹೋಗುತ್ತದೆಯೇ ಅದು?
ಅವನು ರೇಡಿಯೋದ ಕಿವಿ ಹಿಂಡಿದ.

ಕತ್ತಲಾದ ಮೇಲೆ ಕುಮಾಸಿ.
ಬಸ್ಸುನಿಲ್ದಾಣದ ತಿರುವಿನಲ್ಲಿ ಎಂದಿನಂತೆ
ನನ್ನ ಹೆಂಡತಿ ಸೆರ್ವಾ,
ತಲೆಯ ಮೇಲಿನ ಬೋಗುಣಿ ಖಾಲಿ.
ಬೆಂದ ಮೊಟ್ಟೆಯ ಹೊಟ್ಟೆ ಸೀಳಿ
ಮೆಣಸಿನಕಾಯಿ ಅರೆದು ತುಂಬಿಕೊಡುತ್ತಾಳೆ,
ಶಾಲೆ ಬಿಟ್ಟ ಮಕ್ಕಳಿಗೆ ಖಾರ ಕಡಿಮೆ.
ವಾರ ವಾರ ಎರಡು ಟ್ರೇ
ಅಸಲು ಬೆಲೆಗೆ ಅವಳಿಗೆ ಇಳಿಸುತ್ತೇನೆ.

"ತಿಂದೆಯಾ?" ಅಂದಳು.
"ತಿಂದೆ."
"ಏನು?"

ಹಗ್ಗದ ಗಂಟು ಬಿಚ್ಚುತ್ತಾ ನಿಂತೆ.
ನಾನೇ ಹಾಕಿದ ಗಂಟು.
ಅವಳು ಎರಡೂ ಕೈ ಚಾಚಿದ್ದಳು.
ನನ್ನ ಬೆರಳುಗಳು
ಇನ್ನೂ ಮೂರರಲ್ಲೇ ಇದ್ದವು.