ಬೆಲ್ಲದ ನೀರು

ಪೊಟ್ಟಣದ ಕಪ್ಪು ಹುಡಿಯನ್ನು
ಬೆಲ್ಲದ ನೀರಲ್ಲಿ ಕಲಸಿ
ಶೇಂಗಾ ಬೀಜಕ್ಕೆ ಸವರಿ ನೆರಳಲ್ಲಿ ಹರವಿದೆ.
‘ಬೆಲ್ಲ ಯಾರಿಗೆ?’ ಎಂದಳು ಹನ್ಮಿ.
ಕಣ್ಣಿಗೆ ಕಾಣದವರಿಗೆ, ಎಂದೆ.
‘ಹಂಗಾದ್ರೆ ಇನ್ನೊಂದಚ್ಚು ಹಾಕು,
ಎಷ್ಟು ಜನವೋ ಏನೋ.’

ಬೇಲೇಕೇರಿಯ ಮರಳುಗದ್ದೆ, ಭತ್ತ ಕೊಯ್ದ ಮೇಲೆ.
ಕಡಲ ಗಾಳಿಗೆ
ಉಪ್ಪಲ್ಲದೆ ಬೇರೇನೂ ಕೊಟ್ಟು ಗೊತ್ತಿಲ್ಲ.

ನಲವತ್ತನೇ ದಿನ ಒಂದು ಗಿಡ ಕಿತ್ತೆವು.
ಬೇರಿನ ತುಂಬ ರಾಗಿಕಾಳಿನಂಥ ಗಂಟು.
ಹನ್ಮಿಯ ಕೈ ತನ್ನ ಕೊರಳ ಮಣಿಸರಗಳಿಗೆ ಹೋಯಿತು.
ಉಗುರಲ್ಲಿ ಒಂದನ್ನು ಸೀಳಿದೆ:
ಒಳಗೆ ಕೆಂಪು.
ನೋಡು, ಬದುಕಿವೆ, ಗಾಳಿಯನ್ನೇ ಗೊಬ್ಬರ—
ಅನ್ನುವಷ್ಟರಲ್ಲಿ ಗಿಡ ಕಸಿದು
ಮರಳಿಗೆ ಒತ್ತಿ, ಚೊಂಬಿನ ನೀರು ಸುರಿದಳು.
‘ದುಡಿಯೋರ ಬಾಗಿಲು ತೆಗೆದು ನೋಡ್ತಾರೇನೇ?’

ಸಂಜೆಗೆ ಗಿಡ ಬಾಡಿತ್ತು.
ಉಣ್ಣಲು ಕೂತಾಗ
ಉಗುರ ಸಂದಿಯಲ್ಲಿ ಆ ಕೆಂಪು
ಇನ್ನೂ ಇತ್ತು.