ಇಕಾಮಾದಲ್ಲಿ ಪ್ಲಂಬರ್

ಶುಕ್ರವಾರ ಬೆಳಿಗ್ಗೆ ದಮ್ಮಾಮಿನಲ್ಲಿ
ಬಂದರಿನ ಕ್ರೇನುಗಳೂ ಕೈಕಟ್ಟಿ ನಿಲ್ಲುವ ಹೊತ್ತು.
ಇದೇ ಸಮಯ ಎಂದಿದ್ದಾನೆ ಅಬು ಫಹದ್:
‘ಜುಮಾ ಮುಗಿಯುವುದರೊಳಗೆ ಮುಗಿಸು.
ಒಂದು ಕಾಗದವೂ ಕಳೆಯಕೂಡದು.’

ಆಫೀಸಿನ ಹಿಂದೆ, ಚಹಾ ಕುದಿಸುವ ಮೂಲೆಯ ಪಕ್ಕ
ಶಾಲು ಹೊದ್ದರೂ ನಡುಗುವ ಕೋಣೆ.
ಹೊರಗೆ ನಲವತ್ತೇಳು ಡಿಗ್ರಿ.
ಒಳಗೆ, ಹದಿನಾಲ್ಕು ವರ್ಷದಿಂದ ಕಣ್ಣು ಮುಚ್ಚದ ಪೆಟ್ಟಿಗೆ,
ಅದರಲ್ಲಿ ಸೆಂಡ್‌ಮೇಲ್ ಎಂಬ ಮುದಿ ಅಂಚೆಯವ.
ಇವತ್ತು ಅವನಿಗೆ ಖುರೂಜ್.
ಮಧ್ಯಾಹ್ನದಿಂದ ಪೋಸ್ಟ್‌ಫಿಕ್ಸ್.

ಮೊದಲು ಬಾಗಿಲು ಹಾಕಿದೆ, ಹೊಸತು ಬಾರದ ಹಾಗೆ.
ಆಮೇಲೆ ಸಾಲು ನೋಡಿದೆ: ಹದಿನೇಳು ಬಾಕಿ.
ಉಮ್ ಕಸ್ರಿಗೆ ಈರುಳ್ಳಿ ಕಂಟೇನರಿನ ಲೆಕ್ಕ,
ಮುಂದ್ರಾಕ್ಕೆ ಎರಡು, ಜೊತೆಗೆ ಮುದುಕನ ಷರಾ:
ಆ ಮನೆಯಲ್ಲಿ ಯಾರೂ ಎದ್ದಿಲ್ಲ, ತಡೆದು ಮತ್ತೆ ತಟ್ಟುತ್ತೇನೆ.
ಈಗಲೇ ತಟ್ಟು ಮಾರಾಯ, ಎಂದೆ.
ಹೊರಟವು.
ಹನ್ನೊಂದು. ಆರು. ಎರಡು.
ಒಂದು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಅವನ ನಿಯಮಾವಳಿ ಬಿಚ್ಚಿದರೆ
ತಾಯಿತದ ತಗಡಿನ ಹಾಗೆ ಡಾಲರು, ಚುಕ್ಕಿ, ಕೊಕ್ಕೆ.
ಅಲ್ಲಲ್ಲಿ ಡಿಎನ್‌ಎಲ್ ಎಂದು ಶುರುವಾಗುವ ಸಾಲು,
ಯಂತ್ರ ಓದದೆ ದಾಟಿಬಿಡುವ ಸಾಲು.
ಅಲ್ಲೇ ಮನುಷ್ಯ ಸಿಕ್ಕ.
ಇಂಗ್ಲಿಷ್ ಅಕ್ಷರದಲ್ಲಿ ನವಾಯತಿ,
ನನ್ನ ಕೊಂಕಣಿಗೆ ಮುಕ್ಕಾಲು ತಿಳಿಯಿತು:
‘ಇದನ್ನು ಮುಟ್ಟಬೇಡ. ಯಾಕೆಂದು ನನಗೂ ಗೊತ್ತಿಲ್ಲ.
ಜುಬೇರ್ ಶಾಬಂದ್ರಿ, ರಮ್ಜಾನ್ ಇಪ್ಪತ್ತಾರು, ಸಹರಿಯ ಹೊತ್ತು.’
ಕೆಳಗೆ, ‘ಮಗಳು ಹುಟ್ಟಿದಳಂತೆ. ಮೂರು ಕಿಲೋ.
ಕಾಗದ ಹೋಗುತ್ತಿದೆ.’

ನಾನವನನ್ನು ಕಂಡಿಲ್ಲ.
ಅವನು ಹೋದದ್ದು ಬುಧವಾರ, ನಾನಿಳಿದದ್ದು ಶನಿವಾರ.
ಅವನ ಹಾಸಿಗೆ, ಅವನ ಕುರ್ಚಿ,
ಬಚ್ಚಲ ಚಪ್ಪಲಿಯೂ ಅವನದೇ, ಒಂದು ಅಂಗುಲ ದೊಡ್ಡದು.
ಅಬು ಫಹದ್ ನನ್ನನ್ನು ಕರೆದದ್ದೂ ಜುಬೇರ್ ಎಂದೇ.
ದಾಮೋದರ ಖಾರ್ವಿ ಎಂದು ತಿದ್ದಿದೆ ಎರಡು ಸಲ.
ಮೂರನೆಯ ಸಲ ಓಗೊಟ್ಟೆ.

ಇನ್ನು ಒಂದು ಕಡತ, ನಾಲ್ಕೇ ಸಾಲು.
ಎಡಕ್ಕೆ ಹೆಸರು, ಬಲಕ್ಕೆ ದಾರಿ.
ಎಡಗಡೆ ಮುಟ್ಟುವ ಹಾಗಿಲ್ಲ:
ಬಿಲ್ಲು ಬರೆಯುವ ಪ್ರೋಗ್ರಾಮು, ರಾತ್ರಿ ಲೆಕ್ಕ ಒಪ್ಪಿಸುವ ಗಡಿಯಾರ
ಎಲ್ಲ ಕೂಗುವುದು ಸೆಂಡ್‌ಮೇಲ್ ಎಂದೇ.
ಕೂಗಲಿ. ಬಲಗಡೆ ಅಳಿಸಿ ಬರೆದೆ.
ಹೆಸರು ಅವನದು, ಇನ್ನು ಓಡುವವನು ಬೇರೆ.

ನಗು ಬಂತು. ಕಿಸೆಯಲ್ಲಿ ನನ್ನ ಇಕಾಮಾ,
ಹೆಸರಿನ ಕೆಳಗೆ ಕಸುಬು: ಪ್ಲಂಬರ್.
ಆ ವರ್ಷ ಅದೊಂದೇ ವೀಸಾ ಉಳಿದಿತ್ತಂತೆ.
ಪೂರಾ ಸುಳ್ಳೇನಲ್ಲ ಬಿಡಿ.
ಏಳು ವರ್ಷದಿಂದ ಕಟ್ಟಿದ ಕೊಳವೆ ಬಿಡಿಸುತ್ತಲೇ ಇದ್ದೇನೆ,
ನೀರು ಬರುವುದಿಲ್ಲ ಅಷ್ಟೆ.

ಕೊನೆಗೆ ಅಡ್ಡಹೆಸರುಗಳ ಪಟ್ಟಿ.
ರೂಟ್‌ಗೆ ಬಂದದ್ದೆಲ್ಲ ಶಾಬಂದ್ರಿಗೆ, ಎಂದಿತ್ತು.
ಅವನ ಪೆಟ್ಟಿಗೆಯಲ್ಲಿ ಎರಡೂವರೆ ಸಾವಿರ ಕಾಗದ,
ಒಂದೂ ಒಡೆದಿಲ್ಲ.
ದಿನಾ ರಾತ್ರಿ ಮೂರಕ್ಕೆ ಯಂತ್ರ ಅವನಿಗೆ ಬರೆದಿದೆ:
ಡಿಸ್ಕು ತುಂಬುತ್ತಿದೆ. ಯಾರೋ ಬಾಗಿಲು ತಟ್ಟಿದರು. ಉಳಿದಂತೆ ಕ್ಷೇಮ.
ಉಳಿದಂತೆ ಕ್ಷೇಮ.

ಅಳಿಸಲು ಕೈ ಬರಲಿಲ್ಲ.
ಒಂದು ಕಾಮಾ ಹಾಕಿ, ಪಕ್ಕದಲ್ಲಿ ಖಾರ್ವಿ ಎಂದು ಸೇರಿಸಿದೆ.

ಹೊಸಬನ ಕೈಗೆ ಮೊದಲ ಕಾಗದ ನಾನೇ ಕೊಟ್ಟೆ.
ರೂಟ್‌ಗೆ. ವಿಷಯ: ಪರೀಕ್ಷೆ.
ಕಣ್ಣು ಮಿಟುಕಿಸುವುದರೊಳಗೆ ನನಗೂ ಬಂತು,
ಎರಡೂವರೆ ಸಾವಿರದ ಮೇಲೆ ಒಂದಾಗಿ ಅವನಿಗೂ.

ಮಸೀದಿ ಬಿಟ್ಟ ಸದ್ದು, ಕಾರಿನ ಬಾಗಿಲುಗಳು.
ಮುಂದ್ರಾದ ಆ ಒಂದನ್ನು ಚೀಟಿಯಲ್ಲಿ ಇಳಿಸಿಕೊಂಡೆ.
ಸಂಜೆ ಫೋನು ಹಚ್ಚಿ ಓದಿ ಹೇಳಬೇಕು.