ಗಾಜಿನ ಬಾಬ್ತು

ಬುಧವಾರ, ಬೆಳಗಿನ ಐದೂವರೆ.
ಸೊನ್ನೆಯಿಂದ ಹದಿನಾಲ್ಕು ಕೆಳಗೆ.
ರೇನಾಲ್ಡ್ ಊಲೆಟ್ ಲಾರಿಯ ಬೆನ್ನಿಗೆ ಜೋತುಬಿದ್ದು
ಬೀದಿಯ ನೀಲಿ ತೊಟ್ಟಿಗಳನ್ನು ಕವುಚುತ್ತಾ ಬರುತ್ತಾನೆ.
ಸದ್ದಿನಲ್ಲೇ ತಿಳಿಯುತ್ತದಂತೆ ಅವನಿಗೆ
ಯಾರ ಮನೆಗೆ ನೆಂಟರು ಬಂದಿದ್ದರು,
ಯಾರು ಮತ್ತೆ ಕುಡಿಯಲು ಶುರುವಿಟ್ಟರು.
ನನಗೆ ತಿಳಿಯುವುದು ತಿಂಗಳ ಕೊನೆಗೆ,
ಟನ್ನಿನ ಲೆಕ್ಕದಲ್ಲಿ.

ನಾನು ಈ ಊರಿನ ಖಜಾಂಚಿ.
ಮೇನ್ ರಾಜ್ಯದ ಬಡಗಣ ಅಂಚು,
ಎರಡು ಸಾವಿರದ ನೂರು ತಲೆ,
ಮುಚ್ಚಿಹೋದ ಒಂದು ಕಾಗದದ ಗಿರಣಿ.
ಅಪ್ಪ ಮೂವತ್ತು ವರ್ಷ ಕಾಗದ ಮಾಡಿದ ಊರಿನಿಂದ
ರಟ್ಟು ಈಗ ನಾನೂರು ಮೈಲಿ ಹೋಗುತ್ತದೆ
ಮತ್ತೆ ಕಾಗದವಾಗಲಿಕ್ಕೆ.

ಅದರ ದರಕ್ಕೋ, ನೆಟ್ಟಗೆ ನಿಲ್ಲುವ ಕಾಲಿಲ್ಲ:
ಹೋದ ಏಪ್ರಿಲ್ಲಿನಲ್ಲಿ ನೂರನಲವತ್ತು ಡಾಲರು,
ಈಗ ಮೂವತ್ತೆಂಟು.
ತಗಡಿನ ಡಬ್ಬಿ ಅಷ್ಟಿಷ್ಟು ಮಾನ ಉಳಿಸುತ್ತದೆ.
ಪ್ಲಾಸ್ಟಿಕ್ಕಿನಲ್ಲಿ ಒಂದು, ಎರಡರ ಗುರುತಿನವು ಸರಿ;
ಮೂರರಿಂದ ಏಳು ಯಾರಿಗೂ ಬೇಡ,
ತ್ರಿಕೋನದೊಳಗೆ ಅಂಕಿ ಹೊತ್ತು ಮೂಲೆಯಲ್ಲಿ ಕೂತಿವೆ.
ಗಾಜಿಗಂತೂ ನಾವೇ ಎದುರು ದುಡ್ಡು ಕೊಡಬೇಕು,
ದಯವಿಟ್ಟು ತಗೊಂಡು ಹೋಗಿ ಅಂತ.
ಜಿಡ್ಡು ಹತ್ತಿದ ಒಂದು ಪಿಜ್ಜಾ ಪೆಟ್ಟಿಗೆ,
ಯಾರೋ ಸುತ್ತಿ ತುರುಕಿದ ಒಂದು ಡಯಪರು,
ಇಡೀ ಹೊರೆ ವಾಪಸು, ದಂಡದ ರಸೀದಿ ಸಮೇತ.
ಖರ್ಚು ಅರವತ್ತೊಂದು ಸಾವಿರ.
ಜಮಾ, ಒಂಬತ್ತರ ಮೇಲೆ ಚಿಲ್ಲರೆ.
ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು.

ಮಾರ್ಚಿ ತಿಂಗಳ ಊರ ಸಭೆ, ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ.
ಮರ ಕೊಯ್ಯುವ ಮಿಲ್ಲಿನ ಡ್ವೈಟ್ ಪೆಲ್ಕಿ ಎದ್ದು
'ಲಾಭ ಎಷ್ಟು, ಅದನ್ನು ಹೇಳಿ' ಎಂದ.
ಹೇಳಿದೆ. ಮಡಚುಕುರ್ಚಿಗಳು ಕಿರುಗುಟ್ಟಿದವು.
ಹಿಮ ಗೋರುವ ಗಾಡಿಯ ಲಾಭವನ್ನು ಯಾರೂ ಕೇಳಿರಲಿಲ್ಲ,
ಅದು ನಾಲ್ಕು ಪುಟ ಹಿಂದೆ
ಎರಡು ಕೆಮ್ಮಿನ ನಡುವೆ ಪಾಸಾಗಿತ್ತು.
ಕಸ ಹೂಳಲಿಕ್ಕೂ ಟನ್ನಿಗೆ ತೊಂಬತ್ತಾರು ಎಂದೆ.
ಅದು ಬೇರೆ ಪುಟ, ಎಂದರು.
ಹೌದು, ಅದು ಬೇರೆ ಪುಟ.

ಆಗ ಆರ್ಡೆಲ್ ಮಿಶೋ ಎದ್ದಳು,
ಎಂಬತ್ತಮೂರು, ಕಿವಿ ಮುಚ್ಚುವ ಉಣ್ಣೆಯ ಟೋಪಿ.
'ನಾನು ಶೀಷೆಯ ಲೇಬಲ್ಲನ್ನೂ ಕೆರೆದು ತೊಳೆಯುತ್ತೇನೆ, ಬಿಸಿನೀರಲ್ಲಿ.
ಆ ನೀರಿನ ಬಿಲ್ಲು ಊರಿಗೆ ಕಳಿಸಿದ್ದೇನೆಯೇ?'
ನಕ್ಕರು. ಕೈಗಳು ಎದ್ದವು. ಎರಡು ಸಲ ಎಣಿಸಿದೆ.
ಹನ್ನೊಂದು ಮತ ಹೆಚ್ಚು,
ಇನ್ನೊಂದು ವರ್ಷ.

ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ:
ಹದಿನೆಂಟು ತಿಂಗಳಿಂದ ಗಾಜು ಊರು ಬಿಟ್ಟಿಲ್ಲ.
ರಸ್ತೆ ಇಲಾಖೆಯ ಶೆಡ್ಡಿನ ಹಿಂದೆ ಪುಡಿಯಾಗಿ
ಜಲ್ಲಿಯೊಡನೆ ಬೆರೆತು
ಶಾಲೆಯ ಮುಂದಿನ ಹೊಸ ಪಾರ್ಕಿಂಗಿಗೆ ಬಿದ್ದಿದೆ.
ಕಿರ್ದಿಯಲ್ಲಿ ಅದರ ಹೆಸರು
'ಭರ್ತಿ ಸಾಮಗ್ರಿ, ಸ್ಥಳೀಯ'.
ಜಲ್ಲಿಯ ದುಡ್ಡು ಉಳಿದದ್ದು ಸುಳ್ಳಲ್ಲ.
ಕೆಳಗಿನ ಸಹಿ ನನ್ನದು.

ಸಭೆ ಮುಗಿದಾಗ ಕತ್ತಲು, ನೆಲವೆಲ್ಲ ಹೆಪ್ಪು.
ಆರ್ಡೆಲ್ ನನ್ನ ತೋಳು ಹಿಡಿದಳು.
'ಗೆದ್ದೆವಲ್ಲ.'
ನಮ್ಮ ಬೂಟುಗಳಡಿಯಲ್ಲಿ ಅವಳ ಜಾಮಿನ ಶೀಷೆಗಳು,
ಲೇಬಲ್ಲಿಲ್ಲದೆ, ಚೊಕ್ಕಟವಾಗಿ.
'ನಿಧಾನ,' ಎಂದೆ, 'ಜಾರುತ್ತದೆ.'
ಅವಳು ನಿಂತು, ಹಿಮ್ಮಡಿಯಿಂದ ಒಮ್ಮೆ ಒತ್ತಿ ನೋಡಿದಳು.
'ಇಲ್ಲವಲ್ಲ. ಇಲ್ಲಿ ಹಿಡಿತವಿದೆ.'